ನಿಮ್ಮ ಶಾರ್ಟ್ ಫಿಲ್ಮ್ ಮತ್ತು ಬಾನ್‌ನ ವಿಡಿಯೋನಾಲೆ

ಪ್ರಶ್ನೆ: ಜರ್ಮನಿಯ ಬಾನ್‌ನಲ್ಲಿ ನಡೆಯುವ ವಿಡಿಯೋನಾಲೆ ಕಿರುಚಿತ್ರೋತ್ಸವ ತಾನೇ? ನನ್ನ 12 ನಿಮಿಷದ ಶಾರ್ಟ್ ಫಿಲ್ಮ್ ಕಳಿಸಬಹುದಾ?

ಅಲ್ಲ. ಅದು ವಿಡಿಯೋ ಆರ್ಟ್ ಉತ್ಸವ. ಇದನ್ನು ಎಷ್ಟು ಸಲ ಹೇಳಿದ್ದೇನೋ, ಲೆಕ್ಕ ಇಟ್ಟಿಲ್ಲ.

ಉತ್ಸವದ ಕಥೆ ಚಿಕ್ಕದು. 1984ರಲ್ಲಿ, ಬಾನ್ ಇನ್ನೂ ಪಶ್ಚಿಮ ಜರ್ಮನಿಯ ರಾಜಧಾನಿಯಾಗಿದ್ದಾಗ, ಮೂವರು ವಿದ್ಯಾರ್ಥಿಗಳು ಸೇರಿ ಶುರು ಮಾಡಿದರು. ಅವರಲ್ಲೊಬ್ಬರಾದ ಡೀಟರ್ ಡ್ಯಾನಿಯೆಲ್ಸ್ ಮುಂದೆ ಲೈಪ್‌ಸಿಗ್‌ನಲ್ಲಿ ಪ್ರೊಫೆಸರ್ ಆದರು. ಎರಡು ವರ್ಷಕ್ಕೊಮ್ಮೆ ನಡೆಯುತ್ತದೆ. 2005ರಿಂದ ಪ್ರದರ್ಶನ ಬಾನ್‌ನ ಕುನ್ಸ್ಟ್‌ಮ್ಯೂಸಿಯಂನಲ್ಲಿ, ಅಂದರೆ ಕಲಾ ಮ್ಯೂಸಿಯಂನಲ್ಲಿ. ಥಿಯೇಟರಿನಲ್ಲಲ್ಲ, ಗಮನಿಸಿ.

ಇನ್ನು ಆ ಹಟಮಾರಿ ನಂಬಿಕೆ: ಕಥೆಯಿಲ್ಲದ, ಅರ್ಥವಾಗದ ಶಾರ್ಟ್ ಫಿಲ್ಮೇ ವಿಡಿಯೋ ಆರ್ಟ್ ಅಂತೆ! 1965ರಲ್ಲಿ ಕೊರಿಯಾ ಮೂಲದ ವಿಡಿಯೋ ಕಲಾವಿದ ನಾಮ್ ಜೂನ್ ಪೈಕ್ ಮಾಡಿದ್ದನ್ನು ನೋಡಿ. ಒಂದು ಕಪ್ಪು-ಬಿಳುಪು ಟಿವಿ, ಅದರ ತಲೆ ಮೇಲೆ ದೊಡ್ಡ ಅಯಸ್ಕಾಂತ. ಪರದೆಯ ಚಿತ್ರವೆಲ್ಲ ಸೊಟ್ಟಗಾಗಿ ಬಳ್ಳಿಯ ಹಾಗೆ ಸುತ್ತಿಕೊಳ್ಳುತ್ತದೆ. ಅಷ್ಟೇ. ಕ್ಯಾಮೆರಾ ಇಲ್ಲ, ಶೂಟಿಂಗ್ ಇಲ್ಲ, ಎಡಿಟಿಂಗ್ ಇಲ್ಲ. (ಹಳೇ ಸ್ಪೀಕರ್ ಬಿಚ್ಚಿ, ಅದರ ಅಯಸ್ಕಾಂತ ಟಿವಿಗೆ ಹಿಡಿದು ನಾನೂ ಇದನ್ನೇ ಮಾಡಿದ್ದೆ. ಸಿಕ್ಕಿದ್ದು ಅಪ್ಪನ ಏಟು.)

ಸಾಲದಾ? ಅವರದೇ 1974ರ 'ಟಿವಿ ಬುದ್ಧ' ಇದೆ. ಬುದ್ಧನ ವಿಗ್ರಹ, ಎದುರಿಗೊಂದು ಟಿವಿ, ವಿಗ್ರಹದ ಕಡೆ ತಿರುಗಿದ ಕ್ಯಾಮೆರಾ. ಕ್ಯಾಮೆರಾ ಕಂಡದ್ದು ಆ ಕ್ಷಣವೇ ಟಿವಿಗೆ. ಬುದ್ಧ ತನ್ನನ್ನೇ ನೋಡುತ್ತ ಕೂತಿದ್ದಾನೆ. ಈಗ ಹೇಳಿ, ಇದು ಎಷ್ಟು ನಿಮಿಷದ್ದು?

ಹಾಗಂತ ಒಂದೇ ಪರದೆಯ ವಿಡಿಯೋಗಳೇ ಇಲ್ಲ ಅಂತಲ್ಲ, ಬೇಕಾದಷ್ಟಿವೆ. 12 ನಿಮಿಷ ಅನ್ನೋದೂ ತಕರಾರಲ್ಲ. ಆದರೆ ಗ್ಯಾಲರಿಯಲ್ಲಿ ಯಾರೋ ನಿಮ್ಮ 7ನೇ ನಿಮಿಷಕ್ಕೆ ಒಳಗೆ ಬರುತ್ತಾರೆ, ನಿಂತೇ ನೋಡುತ್ತಾರೆ, ಮಧ್ಯದಲ್ಲೇ ಹೊರಟುಬಿಡುತ್ತಾರೆ. ಆಗಲೂ ಅವರಿಗೆ ಏನಾದರೂ ದಕ್ಕುತ್ತದಾ? ಹೌದಾದರೆ ಕಳಿಸಿ. ಕೊನೆಯ ಟ್ವಿಸ್ಟನ್ನೇ ನಂಬಿಕೊಂಡಿದ್ದರೆ ಸುಮ್ನೆ ಕಿರುಚಿತ್ರೋತ್ಸವಕ್ಕೇ ಕಳಿಸಿ.

ಅಂದಹಾಗೆ, ಯಾರೂ ಕೇಳಲಿಲ್ಲ, ಆದರೂ ಹೇಳ್ತೀನಿ. ಪೈಕ್ ಕಾಲದ ಕೆಲವು ವಿಡಿಯೋ ಟೇಪುಗಳಿಗೆ ಒಂದು ಕಾಯಿಲೆ ಇದೆ. ಟೇಪಿನ ಅಂಟು ಗಾಳಿಯ ತೇವ ಹೀರಿ ಜಿಗುಟಾಗಿ, ಪ್ಲೇಯರಿನ ಹೆಡ್ಡಿಗೆ ಮೆತ್ತಿಕೊಳ್ಳುತ್ತದೆ. ಅಂಥ ಟೇಪನ್ನು ತಿಳಿದವರು ಸುಮಾರು 50 ಡಿಗ್ರಿ ಬಿಸಿಯಲ್ಲಿ ಗಂಟೆಗಟ್ಟಲೆ ಒಣಗಿಸಿ, ತಕ್ಷಣ ಡಿಜಿಟಲ್‌ಗೆ ಇಳಿಸಿಕೊಳ್ಳುತ್ತಾರೆ. ನಿಮ್ಮ ಬೀರುವಿನ ಮದುವೆ ಕ್ಯಾಸೆಟ್ಟಿನಲ್ಲಿ ಬಿಳಿ ಬೂಷ್ಟು ಕಂಡರೆ ಅದು ಬೇರೆ ಕಾಯಿಲೆ. ಅದನ್ನು ಓವನ್‌ಗೂ ಇಡಬೇಡಿ, ಪ್ಲೇಯರಿಗೂ ಹಾಕಬೇಡಿ.