ಕಾಲಿನ ಸ್ಟೆಂಟಿಗೆ ಗಟ್ಟಿತನ ಒಂದೇ ಸಾಲದು

"ಡಾಕ್ಟ್ರ, ರೊಕ್ಕ ಎಷ್ಟರ ಆಗಲಿ, ಗಟ್ಟಿ ಇರೋದ ಹಾಕ್ರಿ."

ಹುಬ್ಬಳ್ಳಿಯ ನನ್ನ ಓಪಿಡಿಯಲ್ಲಿ ಕಾಲಿನ ರಕ್ತನಾಳ ಕಟ್ಟಿಕೊಂಡವರ ಮನೆಯವರು ಸ್ಟೆಂಟ್ ಬಗ್ಗೆ, ಅಂದರೆ ನಾಳ ತೆರೆದಿಡಲು ಒಳಗೆ ಕೂರಿಸುವ ಲೋಹದ ಜಾಲರಿ ಕೊಳವೆ ಬಗ್ಗೆ, ಹೀಗೇ ಹೇಳುತ್ತಾರೆ. ಬ್ಯಾಡಗಿಯ ಮೆಣಸಿನಕಾಯಿ ವ್ಯಾಪಾರಿಯೊಬ್ಬರಂತೂ ಅಣ್ಣನ ಹಾರ್ಟಿಗೆ ಹಾಕಿದ ಸ್ಟೆಂಟೇ ತಮ್ಮ ತೊಡೆಗೂ ಬೇಕು ಅಂತ ಹಟ ಹಿಡಿದರು. ಎಷ್ಟು ಹೇಳಿದರೂ ತಲೆಯಾಡಿಸಿ ಮತ್ತೆ ಅದನ್ನೇ ಕೇಳುವುದು!

ಹಾರ್ಟಿನ ಸ್ಟೆಂಟ್ ಸಾಮಾನ್ಯವಾಗಿ ಕೋಬಾಲ್ಟ್-ಕ್ರೋಮಿಯಂನದ್ದು. ಒಳಗಿಟ್ಟ ಪುಟ್ಟ ಬಲೂನ್ ಉಬ್ಬಿಸಿದಷ್ಟು ಹಿಗ್ಗಿ ಅಲ್ಲೇ ನಿಲ್ಲುತ್ತದೆ. ಎದೆಗೂಡಿನ ಒಳಗಿರುವುದರಿಂದ ಹೊರಗಿನ ಒತ್ತಡ ತಾಗುವುದಿಲ್ಲ. ತೊಡೆಯ ನಾಳದ ಪಾಡು ಬೇರೆ. ಮಂಡಿ ಮಡಚಿದಾಗ ಅದು ಬಾಗುತ್ತದೆ, ಉದ್ದದಲ್ಲಿ ಕುಗ್ಗುತ್ತದೆ, ತಿರುಚಿಕೊಳ್ಳುತ್ತದೆ. ಸುತ್ತಲಿನ ಸ್ನಾಯುವೂ ಒತ್ತುತ್ತದೆ. ಅಲ್ಲಿ ಹಾರ್ಟಿನ ಸ್ಟೆಂಟ್ ಒಮ್ಮೆ ಚಪ್ಪಟೆಯಾದರೆ ಮುಗಿಯಿತು, ತಾನಾಗಿ ಎದ್ದೇಳುವುದಿಲ್ಲ.

ಅದಕ್ಕೇ ಕಾಲಿಗೆ ನಿಟಿನಾಲ್, ಅಂದರೆ ನಿಕಲ್ ಮತ್ತು ಟೈಟಾನಿಯಂ ಮಿಶ್ರಲೋಹ. ಸ್ಟೀಲನ್ನು 1% ಎಳೆಯುವ ಮೊದಲೇ ಆಕಾರ ಕೆಡುತ್ತದೆ. ನಿಟಿನಾಲ್ ಸುಮಾರು 8% ಎಳೆದರೂ ವಾಪಸ್ ಬರುತ್ತದೆ. ವ್ಯಾಪಾರಿಗಳ ಕೈಗೆ ಒಂದು ಸ್ಯಾಂಪಲ್ ಕೊಟ್ಟೆ. ಎರಡು ಬೆರಳಲ್ಲಿ ಒತ್ತಿದರು, ಚಪ್ಪಟೆಯಾಯಿತು. ಬಿಟ್ಟರು, ಗುಂಡಗಾಯಿತು. "ಇದು ಭಾಳ ಮೆತ್ತಗ ಐತ್ರಿ" ಅಂದರು, ಮುಖ ಸಣ್ಣದು ಮಾಡಿಕೊಂಡು. ಮೆತ್ತಗಿರಬೇಕಾದದ್ದೇ ಯಜಮಾನ್ರೇ, ನಡೆಯುವವರ ಒಂದು ಕಾಲಿಗೆ ವರ್ಷಕ್ಕೆ ಸುಮಾರು 10 ಲಕ್ಷ ಹೆಜ್ಜೆ ಅಂತ ಲೆಕ್ಕ ಹಿಡಿದು ತಯಾರಕರು ಇದನ್ನು ಪರೀಕ್ಷೆ ಮಾಡುತ್ತಾರೆ.

ಹಾಗಂತ ನಿಟಿನಾಲ್ ಮುರಿಯೋದೇ ಇಲ್ಲ ಅಂತಲ್ಲ. ತಂತಿಯನ್ನು ಅತ್ತಿತ್ತ ಬಾಗಿಸುತ್ತಲೇ ಇದ್ದರೆ ಒಂದು ದಿನ ತುಂಡಾಗುತ್ತದಲ್ವಾ, ಹಾಗೇ. 2005ರಲ್ಲಿ ಪ್ರಕಟವಾದ ಜರ್ಮನಿಯ ಅಧ್ಯಯನವೊಂದರಲ್ಲಿ ಸ್ಟೆಂಟ್ ಹಾಕಿದ ಕಾಲುಗಳಲ್ಲಿ 37%ರಷ್ಟರಲ್ಲಿ ಮುರಿತ ಕಂಡಿತ್ತು. ಸ್ಟೆಂಟ್ ಹಾಕಿದ ಉದ್ದ 8 ಸೆಂ.ಮೀ. ಒಳಗಿದ್ದಾಗ 13%, 16 ಸೆಂ.ಮೀ. ದಾಟಿದಾಗ 52%. ಅವು ಹಳೇ ವಿನ್ಯಾಸದವು, ಈಗ ಸುಧಾರಿಸಿದೆ. ಆದರೂ ಉದ್ದ ಜಾಸ್ತಿಯಾದಷ್ಟು, ಒಂದರ ಮೇಲೊಂದು ಹಾಕಿದಷ್ಟು ಅಪಾಯ ಹೆಚ್ಚು. "ಇನ್ನೊಂದು ಜಾಸ್ತಿನೇ ಹಾಕಿಬಿಡ್ರಿ" ಅನ್ನುವವರು ಇದನ್ನು ಗಮನಿಸಬೇಕು.

ಈ ಅಂಕಿ ಓದಿ ಸುಮ್ನೆ ಮಂಚ ಹಿಡಿಯಬೇಡಿ. ಜಾಲರಿಯ ಒಂದು ಎಳೆ ಮುರಿದರೆ ಎಷ್ಟೋ ಜನರಿಗೆ ಗೊತ್ತೇ ಆಗುವುದಿಲ್ಲ. ನಡೆಯದಿದ್ದರೆ ಮಾತ್ರ ಕಾಲಿಗೆ ನಷ್ಟ. ಬೀಡಿಯೂ ಬಿಡಬೇಕು, ಅದನ್ನಂತೂ ಹೇಳಿ ಹೇಳಿ ನನಗೇ ಸಾಕಾಗಿದೆ.

ಕೊನೆಗೆ ವ್ಯಾಪಾರಿಗಳು ಕೇಳಿದ್ದು, ಚಕ್ಕಳಮಕ್ಕಳ ಹಾಕಿ ಊಟಕ್ಕೆ ಕೂಡಬಹುದಾ ಅಂತ. ಅವರ ಸ್ಟೆಂಟ್ ತೊಡೆಯ ನಡುಭಾಗದಲ್ಲಿ ಇದ್ದದ್ದು, ಕೂಡ್ರಿ ಅಂದೆ. ಮಂಡಿಯ ಹಿಂದೆ ಹಾಕಿಸಿಕೊಂಡವರಿಗೆ ಇದೇ ಉತ್ತರ ಕೊಡಲಾರೆ. ಅವರು ಸ್ಟೆಂಟ್ ಹಾಕಿದ ಡಾಕ್ಟರನ್ನೇ ಕೇಳಬೇಕು.