ಹಳೆಯ ಜೀಪಿನ ಆಯಿಲ್ ಮುಳ್ಳು ಇಳಿದಾಗ

ಕಾಫಿ ಕೊಯ್ಲು ಮುಗಿದು ತೋಟದ ಜೀಪುಗಳು ವರ್ಕ್‌ಶಾಪಿಗೆ ಬರುವ ಕಾಲದಲ್ಲಿ ನಾನು ಈಚೆಗೆ ಪದೇ ಪದೇ ಕೇಳುತ್ತಿರುವ ಬೇಡಿಕೆಯೊಂದಿದೆ. ಎಂಜಿನ್ ಬಿಸಿಯಾದ ಮೇಲೆ ಐಡ್ಲಿಂಗ್‌ನಲ್ಲಿ, ಅಂದರೆ ಗಾಡಿ ನಿಂತು ಎಂಜಿನ್ ಮಾತ್ರ ಓಡುವಾಗ, ಆಯಿಲ್ ಒತ್ತಡ ತೋರಿಸುವ ಗೇಜಿನ ಮುಳ್ಳು ಇಳಿಯುತ್ತಿದೆ, ಆಯಿಲ್ ಪಂಪು ಸೋತಿರಬೇಕು, ಹೆಚ್ಚು ಆಯಿಲ್ ತಳ್ಳುವ ಹೈ ವಾಲ್ಯೂಮ್ ಪಂಪ್ ಹಾಕಿಕೊಡಿ ಎಂಬುದು ಅದು. ಅಮೆರಿಕದ ವಿ-8 ಎಂಜಿನ್‌ಗಳಿಗೆಂದು ಮಾರುವ ಇಂಥ ಪಂಪುಗಳ ವಿಡಿಯೊ ನೋಡಿ ಬಂದವರು, ವಿಲ್ಲಿಸ್ ಜೀಪಿಗೆ ಅಂಥದ್ದು ಸಿಗದಿದ್ದರೆ ಪಂಪಿನೊಳಗೆ ಆಯಿಲ್ ತಳ್ಳುವ ಗೇರನ್ನು ಲೇತಿನಲ್ಲಿ ಉದ್ದಕ್ಕೆ ಮಾಡಿಸಿಯಾದರೂ ಹಾಕಿ ಎನ್ನುತ್ತಾರೆ.

ಪಂಪು ಕೊಡುವುದು ಹರಿವನ್ನು ಮಾತ್ರ. ಎಂಜಿನ್ನಿನಲ್ಲಿ ತಿರುಗುವ ಕ್ರ್ಯಾಂಕ್ ಶಾಫ್ಟ್ ಮತ್ತು ಅದನ್ನು ಹಿಡಿದಿಡುವ ಬೇರಿಂಗಿನ ನಡುವಿನ ಸಂದಿಯಿಂದ ಆ ಆಯಿಲ್ ಹೊರಗೆ ಬರಲು ಎಷ್ಟು ಕಷ್ಟಪಡುತ್ತದೆಯೋ ಅದೇ ಒತ್ತಡವಾಗಿ ಗೇಜಿನಲ್ಲಿ ಕಾಣುತ್ತದೆ. ಹೂಮಳೆ ಕೈಕೊಟ್ಟ ವರ್ಷ ತೋಟಕ್ಕೆ ಸ್ಪ್ರಿಂಕ್ಲರ್ ಹಿಡಿಸಿದವರಿಗೆ ಇದನ್ನು ವಿವರಿಸಬೇಕಾಗಿಯೇ ಇಲ್ಲ. ನಾಝಲ್ ಸವೆದು ತೂತು ದೊಡ್ಡದಾದರೆ, ಕೆರೆಯ ದಡದಲ್ಲಿರುವ ಪಂಪ್‌ಸೆಟ್ ಎಷ್ಟೇ ಚೆನ್ನಾಗಿದ್ದರೂ ಪೈಪಿನಲ್ಲಿ ಒತ್ತಡ ನಿಲ್ಲುವುದಿಲ್ಲ. ಇದನ್ನು ಒಪ್ಪಿ ತಲೆಯಾಡಿಸುವವರೇ ಜೀಪಿನ ಮಾತು ಬಂದಾಗ ಮತ್ತೆ ಪಂಪಿನ ಕಡೆಗೆ ಬೆರಳು ತೋರಿಸುತ್ತಾರೆ, ಹಾಗಾಗಿ ಇನ್ನಷ್ಟು ಬಿಡಿಸಿ ಹೇಳುತ್ತೇನೆ.

ಬೇರಿಂಗಿನ ಸಂದಿಯಿಂದ ಸೋರುವ ಆಯಿಲಿನ ಪ್ರಮಾಣವು ಸಂದಿಯ ಅಗಲದ ಘನಕ್ಕೆ ಅನುಗುಣವಾಗಿ ಏರುತ್ತದೆ. ಹೊಸದರಲ್ಲಿ 0.05 ಮಿಲಿಮೀಟರ್ ಇದ್ದ ಸಂದಿ ಸವೆದು 0.10 ಆಯಿತೆನ್ನಿ, ಅಗಲ ಎರಡು ಪಟ್ಟಾದರೂ, ಅದೇ ಒತ್ತಡದಲ್ಲಿ ಸೋರಿಕೆ ಎಂಟು ಪಟ್ಟಾಗುತ್ತದೆ. ಇದರ ಜೊತೆಗೆ, 40 ಡಿಗ್ರಿ ಸೆಲ್ಸಿಯಸ್‌ನಲ್ಲಿ ದಪ್ಪಗಿದ್ದ 15ಡಬ್ಲ್ಯೂ-40 ಆಯಿಲ್ 100 ಡಿಗ್ರಿಗೆ ಬರುವಷ್ಟರಲ್ಲಿ ಏಳೆಂಟು ಪಟ್ಟು ತೆಳುವಾಗಿರುತ್ತದೆ. ಆದ್ದರಿಂದಲೇ ಡಿಸೆಂಬರಿನ ಚಳಿಯಲ್ಲಿ, ಮಡಿಕೇರಿಯ ಮನೆಯಂಗಳದಲ್ಲಿ ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಮೇಲೇರಿ ನಿಂತ ಮುಳ್ಳು, ಸಂಪಾಜೆ ಘಾಟಿಯನ್ನು ಲೋಡಿನೊಂದಿಗೆ ಹತ್ತಿ ಬಂದು ನಿಲ್ಲಿಸಿದಾಗ ಕೆಳಗೆ ಕುಳಿತಿರುತ್ತದೆ. ಪಂಪು ಬೆಳಿಗ್ಗೆಯೂ ಅದೇ, ಸಂಜೆಯೂ ಅದೇ. ಎಂಜಿನ್ ವೇಗದ ಪ್ರತಿ ಸಾವಿರ ಆರ್‌ಪಿಎಂಗೆ 10 ಪಿಎಸ್‌ಐ ಒತ್ತಡ ಇದ್ದರೆ ಸಾಕೆಂಬ ಲೆಕ್ಕವೊಂದು ನಮ್ಮ ಕಸುಬಿನಲ್ಲಿ ಬಳಕೆಯಲ್ಲಿದೆ. ಅದು ಬರೀ ಅಂದಾಜು, ನಿಮ್ಮ ಎಂಜಿನ್ನಿನ ಮ್ಯಾನ್ಯುಯಲ್ ಬೇರೆ ಹೇಳಿದರೆ ಅದನ್ನೇ ನಂಬಬೇಕು.

ಹಾಗಾದರೆ ದೊಡ್ಡ ಪಂಪು ಹಾಕಿದಾಗ ಮುಳ್ಳು ಏರುವುದಿಲ್ಲವೇ? ಐಡ್ಲಿಂಗ್‌ನಲ್ಲಿ ಸ್ವಲ್ಪ ಏರುತ್ತದೆ, ಮೋಸ ಹೋಗುವುದು ಅಲ್ಲಿಯೇ. ಸವೆದ ಸಂದಿ ಹಾಗೆಯೇ ಉಳಿದಿರುತ್ತದೆ, ಅದರಿಂದ ಚಿಮ್ಮುವ ಆಯಿಲ್ ಮಾತ್ರ ಹೆಚ್ಚಾಗಿರುತ್ತದೆ. ಎಂಜಿನ್ ವೇಗ ಹೆಚ್ಚಿದಾಗ, ಒತ್ತಡ ಮಿತಿ ಮೀರದಂತೆ ಕಾಯುವ ರಿಲೀಫ್ ವಾಲ್ವ್ ತೆರೆದು, ಹೆಚ್ಚಾದ ಆಯಿಲನ್ನು ಹಿಂದಕ್ಕೆ ಬಿಡುತ್ತದೆ; ಅದನ್ನು ತಳ್ಳಲು ಎಂಜಿನ್ ಖರ್ಚು ಮಾಡಿದ ಶಕ್ತಿಯೆಲ್ಲ ಶಾಖವಾಗಿ ಆಯಿಲಿಗೇ ಸೇರುತ್ತದೆ. ವಾಲ್ವಿನ ಸ್ಪ್ರಿಂಗಿನ ಹಿಂದೆ ಶಿಮ್ ಎಂಬ ತೆಳು ಬಿಲ್ಲೆ ಇಟ್ಟು ಒತ್ತಡ ಏರಿಸುವವರೂ ಇದ್ದಾರೆ. ಶಿಮ್ ಬದಲಿಸುವುದು ವಾಲ್ವ್ ತೆರೆಯುವ ಗರಿಷ್ಠ ಒತ್ತಡವನ್ನು ಮಾತ್ರ. ಬಿಸಿ ಐಡ್ಲಿಂಗ್‌ನಲ್ಲಿ ವಾಲ್ವ್ ಕಸ ಸಿಕ್ಕಿ ತೆರೆದು ನಿಂತಿಲ್ಲದಿದ್ದರೆ ಮುಚ್ಚಿಯೇ ಇರುತ್ತದೆ, ಆದ್ದರಿಂದ ಅಲ್ಲಿ ಶಿಮ್ಮಿನಿಂದ ಏನೂ ಆಗುವುದಿಲ್ಲ.

ವಿಲ್ಲಿಸ್ ಮಾದರಿಯ ಪೆಟ್ರೋಲ್ ಎಂಜಿನ್‌ಗಳಲ್ಲಿ ಇನ್ನೊಂದು ತೊಂದರೆಯಿದೆ. ಅಲ್ಲಿ ಪಂಪನ್ನು ಕ್ಯಾಮ್ ಶಾಫ್ಟಿನ ಗೇರು ತಿರುಗಿಸುತ್ತದೆ. ಸ್ಪಾರ್ಕ್ ಪ್ಲಗ್‌ಗಳಿಗೆ ಕಿಡಿ ಹಂಚುವ, ನಾವು ಡೆಲ್ಕೋ ಎನ್ನುವ ಡಿಸ್ಟ್ರಿಬ್ಯೂಟರನ್ನು ತಿರುಗಿಸುವುದು ಅದೇ ಪಂಪಿನ ಶಾಫ್ಟು. ಪಂಪಿಗೆ ಭಾರ ಹೆಚ್ಚಿಸಿದರೆ ಗೇರಿನ ಹಲ್ಲು ಬೇಗ ಸವೆಯುತ್ತದೆ, ಸವೆದಷ್ಟೂ ಇಗ್ನಿಷನ್ ಟೈಮಿಂಗ್ ಅಲುಗಾಡುತ್ತದೆ. ಪಂಪು ಎಂಜಿನ್ನಿನ ಹೊರಬದಿಯಲ್ಲೇ ಇರುವುದರಿಂದ, ಆಯಿಲ್ ನಿಲ್ಲುವ ತಳದ ತೊಟ್ಟಿಯಾದ ಚೇಂಬರ್ ಇಳಿಸದೆ ಬಿಚ್ಚಬಹುದು, ಪಂಪಿನ ಮೇಲೆ ಎಲ್ಲರಿಗೂ ಕಣ್ಣು ಬೀಳುವುದಕ್ಕೆ ಇದೂ ಒಂದು ಕಾರಣವೆಂದು ನನಗೆ ಅನಿಸುತ್ತದೆ.

ಸಿದ್ದಾಪುರದ ಕಡೆಯ ಹಿರಿಯ ಬೆಳೆಗಾರರೊಬ್ಬರು, ತಂದೆಯ ಕಾಲದ ಜೀಪನ್ನು ಮನೆಯ ಮಗನಂತೆ ನೋಡಿಕೊಳ್ಳುವವರು, "ಮೇಸ್ತ್ರಿ, ಚೇಂಬರ್ ಮಾತ್ರ ಬಿಚ್ಚಬೇಡಿ, ಪಂಪು ದೊಡ್ಡದು ಹಾಕಿ" ಎಂದರು. "ಸಾವ್ಕಾರ್ರೆ, ಬೇರಿಂಗ್ ನೋಡದೆ ನಾನು ಪಂಪು ಮುಟ್ಟುವುದಿಲ್ಲ" ಎಂದದ್ದಕ್ಕೆ ಬೇಸರಗೊಂಡು, ಬೇರೆಲ್ಲೋ ಉದ್ದದ ಗೇರ್ ಹಾಕಿಸಿಕೊಂಡರು. ಮುಳ್ಳು ಏರಿತೆಂದು ಫೋನ್ ಮಾಡಿ ತಿಳಿಸಿದರು ಕೂಡ. ಮುಂದಿನ ಕೊಯ್ಲಿನಲ್ಲಿ ಜೀಪು ಮಿಸ್ಸಿಂಗ್ ಹೊಡೆಯುತ್ತಾ ಬಂದಾಗ ಪಂಪಿನ ಡ್ರೈವ್ ಗೇರಿನ ಹಲ್ಲು ತಿಂದು ಹೋಗಿತ್ತು. ಚೇಂಬರ್ ಇಳಿಸಿದರೆ, ಕನೆಕ್ಟಿಂಗ್ ರಾಡ್ ಕ್ರ್ಯಾಂಕನ್ನು ಹಿಡಿಯುವಲ್ಲಿನ ಬಿಗ್ ಎಂಡ್ ಬೇರಿಂಗುಗಳಲ್ಲಿ ಮೇಲ್ಪದರ ಸವೆದು ಒಳಗಿನ ತಾಮ್ರದ ಬಣ್ಣ ಕಾಣುತ್ತಿತ್ತು. ಕ್ರ್ಯಾಂಕ್ ಗ್ರೈಂಡ್ ಮಾಡಿಸಿ, ಸಣ್ಣದಾದ ಕ್ರ್ಯಾಂಕಿಗೆ ಹೊಂದುವ ಅಂಡರ್‌ಸೈಜ್ ಬೇರಿಂಗ್ ಮತ್ತು ಹೊಸ ಡ್ರೈವ್ ಗೇರ್ ಹಾಕಿ, ಅವರು ಹಾಲಿನ ಪುಡಿಯ ಡಬ್ಬಿಯಲ್ಲಿ ಜೋಪಾನವಾಗಿಟ್ಟಿದ್ದ ಹಳೆಯ ಪಂಪ್ ಗೇರುಗಳನ್ನೇ ಕೂರಿಸಿದೆ. ಬಿಸಿಯಾದ ಮೇಲೂ ಮುಳ್ಳು ತನ್ನ ಜಾಗದಲ್ಲಿ ನಿಂತಿತು.

ನೋಡಬೇಕಾದ ಕ್ರಮ ದೊಡ್ಡ ವಿದ್ಯೆಯೇನಲ್ಲ. ಮೊದಲು ಬೇರೊಂದು ಮೆಕ್ಯಾನಿಕಲ್ ಗೇಜ್ ಜೋಡಿಸಿ ಅಳೆಯಬೇಕು, ಏಕೆಂದರೆ ಗೇಜಿಗೆ ಒತ್ತಡ ತಿಳಿಸುವ ಹಳೆಯ ಸೆಂಡರ್‌ಗಳು ಸುಳ್ಳು ಹೇಳುತ್ತವೆ. ಡಿಪ್ ಸ್ಟಿಕ್ ಮೂಸಿ ನೋಡಬೇಕು. ಕಾರ್ಬ್ಯುರೇಟರಿಗೆ ಪೆಟ್ರೋಲ್ ಕಳಿಸುವ ಎಸಿ ಪಂಪಿನ ಡಯಾಫ್ರಾಮ್ ಹರಿದು ಪೆಟ್ರೋಲ್ ಇಳಿದಿದ್ದರೆ ಆಯಿಲ್ ನೀರಾಗಿರುತ್ತದೆ, ಅದಕ್ಕೆ ಯಾವ ಪಂಪೂ ಮದ್ದಲ್ಲ. ಮಾಂದಲಪಟ್ಟಿಯಂಥ ಕಡಿದಾದ ಏರಿನಲ್ಲಿ ಮಾತ್ರ ಮುಳ್ಳು ಬೀಳುತ್ತಿದ್ದರೆ ಮಟ್ಟ ಕಡಿಮೆಯಿದ್ದು, ಆಯಿಲ್ ಒಂದು ಕಡೆಗೆ ಸರಿದು ಪಂಪು ಗಾಳಿ ಎಳೆಯುತ್ತಿರಬಹುದು. ಆಗ ದೊಡ್ಡ ಪಂಪು ಚೇಂಬರನ್ನು ಇನ್ನೂ ಬೇಗ ಬರಿದು ಮಾಡೀತು. ಇವೆಲ್ಲ ಸರಿಯಿದ್ದರೆ ಚೇಂಬರ್ ಇಳಿಸಿ ಬೇರಿಂಗಿನ ಸಂದಿ ಅಳೆಯಬೇಕು. ಪಂಪೇ ಸವೆದಿರುವ ಪ್ರಸಂಗ ಇಲ್ಲವೆಂದಲ್ಲ. ಗೇರಿನ ತುದಿ ಮತ್ತು ಮುಚ್ಚಳದ ನಡುವೆ ಅಂತರ ಹೆಚ್ಚಿದ್ದರೆ ಪಂಪು ಬದಲಿಸಲೇಬೇಕು, ಆದರೆ ಮೂಲ ಅಳತೆಯದ್ದನ್ನೇ ಹಾಕಬೇಕು.

ಬೇಕೆಂದೇ ಸಂದಿ ಅಗಲವಿಟ್ಟು ಕಟ್ಟಿದ ರೇಸ್ ಎಂಜಿನ್‌ಗೆ, ಹೊರಗೆ ಆಯಿಲ್ ಕೂಲರ್ ಜೋಡಿಸಿದ್ದಕ್ಕೆ, ಹೈ ವಾಲ್ಯೂಮ್ ಪಂಪ್ ಅಗತ್ಯವಾಗಬಹುದು. ತೋಟದಿಂದ ಗೋಣಿಕೊಪ್ಪಲಿಗೆ ಚೀಲ ಸಾಗಿಸುವ ಜೀಪು ಆ ಪಟ್ಟಿಯಲ್ಲಿಲ್ಲ. ಇನ್ನು, ಯಾವ ಪಂಪನ್ನೇ ಬಿಚ್ಚಿ ಕೂರಿಸಿದರೂ ಒಳಗೆ ಆಯಿಲ್ ತುಂಬದೆ ಸ್ಟಾರ್ಟ್ ಮಾಡಬೇಡಿ. ಒಣಗಿದ ಗೇರುಗಳು ಆಯಿಲನ್ನು ಎಳೆದುಕೊಳ್ಳದೇ ಇರಬಹುದು, ಆ ಹೊತ್ತಿನಲ್ಲಿ ಹೊಸ ಬೇರಿಂಗುಗಳಲ್ಲಿ ಕ್ರ್ಯಾಂಕ್ ಆಯಿಲ್ ಇಲ್ಲದೆ ಬರಿಮೈಯಲ್ಲಿ ತಿರುಗುತ್ತಿರುತ್ತದೆ.