ಎಚ್‌ಐವಿ ಲಸಿಕೆಯ ಪರೀಕ್ಷೆಗೆ ಮಿಶ್ರ ವೈರಸ್ ಏಕೆ ಬೇಕಾಯಿತು

ಅಮೆರಿಕದ ಸ್ಯಾನ್ ಆಂಟೋನಿಯೊದಲ್ಲಿರುವ ಟೆಕ್ಸಾಸ್ ಬಯೋಮೆಡ್, 1941ರಲ್ಲಿ ಟಾಮ್ ಸ್ಲಿಕ್ ಸ್ಥಾಪಿಸಿದ, ಲಾಭದ ಉದ್ದೇಶವಿಲ್ಲದ ಸಂಶೋಧನಾ ಸಂಸ್ಥೆ. ಇದರ ಆವರಣದಲ್ಲೇ 1999ರಿಂದ, ಅಮೆರಿಕದ ಕೇಂದ್ರ ಸರ್ಕಾರದ ಅನುದಾನ ಪಡೆಯುವ ಸೌತ್‌ವೆಸ್ಟ್ ರಾಷ್ಟ್ರೀಯ ಪ್ರೈಮೇಟ್ ಸಂಶೋಧನಾ ಕೇಂದ್ರವೂ ಇದೆ. ಬಬೂನ್, ಮಾರ್ಮೊಸೆಟ್ ಮತ್ತು ರೀಸಸ್ ಕೋತಿಗಳು ಅಲ್ಲಿನ ಮುಖ್ಯ ಪ್ರಾಣಿಗಳು. ಕ್ಷಯ ಮತ್ತು ಎಚ್‌ಐವಿ ಅಲ್ಲಿನ ಅಧ್ಯಯನದ ವಿಷಯಗಳಲ್ಲಿ ಸೇರಿವೆ.

ಅಲ್ಲಿನ ಸಂಶೋಧನೆಯ ಬಗ್ಗೆ ಓದುತ್ತಾ ನಾನು ಎಡವಿದ್ದು ಎಚ್‌ಐವಿಯ ವಿಷಯದಲ್ಲಿ. ರೀಸಸ್ ಕೋತಿಗೆ ಎಚ್‌ಐವಿ-1 (ಎಚ್‌ಐವಿಯ ಮುಖ್ಯ ಬಗೆ) ತಗುಲುವುದಿಲ್ಲ ಎಂದು ಓದಿದ ಪುಟದ ಮುಂದಿನ ಪುಟದಲ್ಲೇ ಎಚ್‌ಐವಿ ಲಸಿಕೆಯನ್ನು ಅದೇ ಕೋತಿಯ ಮೇಲೆ ಪರೀಕ್ಷಿಸುತ್ತಾರೆ ಎಂದಿತ್ತು, ಮತ್ತು ಇವೆರಡೂ ಒಟ್ಟಿಗೆ ಹೇಗೆ ನಿಜವಾದಾವು ಎಂಬುದು ಬಹಳ ಹೊತ್ತು ಹೊಳೆಯಲಿಲ್ಲ.

ಆಫ್ರಿಕಾದ ಹಲವು ಕೋತಿಗಳಿಗೆ ತಮ್ಮದೇ ಆದ, ಎಚ್‌ಐವಿಗೆ ಹತ್ತಿರದ ಸಂಬಂಧಿಯಾದ ಎಸ್‌ಐವಿ ಎಂಬ ವೈರಸ್ ಇದೆ. ಅಲ್ಲಿನ ಸೂಟಿ ಮಂಗಬೆ ಎಂಬ ಕೋತಿಯಲ್ಲಿ ಅದು ಸಾಮಾನ್ಯವಾಗಿ ರೋಗ ತರುವುದಿಲ್ಲ. ಏಷ್ಯಾದ ರೀಸಸ್‌ಗೆ ದಾಟಿದಾಗ ಮಾತ್ರ ಏಡ್ಸ್‌ನಂಥ ಕಾಯಿಲೆ ಬರುತ್ತದೆ. ಹಾಗಾದರೆ ಅದನ್ನೇ ಬಳಸಿದರೆ ಸಾಲದೇ? ಔಷಧದ ಕೆಲವು ಪ್ರಶ್ನೆಗಳಿಗೆ ಸಾಕು. ಆದರೆ ಲಸಿಕೆಯಿಂದ ಹುಟ್ಟುವ ಪ್ರತಿಕಾಯಗಳು (ರೋಗಾಣುವಿಗೆ ಅಂಟಿ ಅದನ್ನು ತಡೆಯುವ ಪ್ರೋಟೀನ್‌ಗಳು) ಗುರಿಯಿಡುವುದು ಎಚ್‌ಐವಿಯ ಹೊರಮೈಯ ಪ್ರೋಟೀನನ್ನು, ಮತ್ತು ಎಸ್‌ಐವಿಯ ಹೊರಮೈ ಅದಕ್ಕಿಂತ ತೀರ ಬೇರೆಯಾದುದರಿಂದ ಆ ಪ್ರತಿಕಾಯಗಳಿಗೆ ಅಲ್ಲಿ ಹಿಡಿತ ಸಿಗುವುದಿಲ್ಲ.

ಇನ್ನು ಎಚ್‌ಐವಿಯನ್ನು ರೀಸಸ್ ತಡೆಯುವುದು ಎಲ್ಲಿ? ನಾನು ಜೀವಕೋಶದ ಬಾಗಿಲಲ್ಲಿ ಎಂದುಕೊಂಡಿದ್ದೆ; ಮುಖ್ಯ ತಡೆ ಇರುವುದು ಒಳಗೆ. ವೈರಸ್ ಒಳಹೊಕ್ಕ ಮೇಲೆ, 2004ರಲ್ಲಿ ಗುರುತಿಸಲಾದ ಟ್ರಿಮ್5-ಆಲ್ಫಾ ಎಂಬ ಪ್ರೋಟೀನ್ ಅದರ ಒಳಕವಚವಾದ ಕ್ಯಾಪ್ಸಿಡ್ಡನ್ನು ಹಿಡಿದು ಕೆಡಿಸುತ್ತದೆ. ಗಂಟು ಬಿಚ್ಚಿದ್ದು ಇಲ್ಲಿಯೇ: ತಡೆಗೆ ಸಿಕ್ಕಿಬೀಳುವುದು ಒಳಕವಚ, ಪ್ರತಿಕಾಯಕ್ಕೆ ಬೇಕಾದುದು ಹೊರಮೈ. ಎರಡೂ ಬೇರೆ ಬೇರೆ ಭಾಗಗಳಾದುದರಿಂದ ಎಸ್‌ಐವಿಯ ಒಡಲಿಗೆ ಎಚ್‌ಐವಿಯ ಹೊರಮೈಯನ್ನು ತೊಡಿಸಬಹುದು. ಹೀಗೆ ಹುಟ್ಟಿದ ಮಿಶ್ರ ವೈರಸ್ಸಿಗೆ ಎಸ್‌ಎಚ್‌ಐವಿ ಎಂದು ಹೆಸರು. "ಒಡಲು ಕೋತಿಯದು, ಅಂಗಿ ಮನುಷ್ಯನದು" ಎಂದು ಅಂಚಿನಲ್ಲಿ ಬರೆದುಕೊಂಡ ಮೇಲೆ ನನಗೆ ಇದು ಮರೆತಿಲ್ಲ.

ಬಾಗಿಲಿನ ಬಗ್ಗೆ ನನ್ನ ಊಹೆ ಪೂರ್ತಿ ಹುಸಿಯೇನೂ ಅಲ್ಲ. ಎಚ್‌ಐವಿಯ ಹಲವು ಹೊರಮೈ ಪ್ರೋಟೀನ್‌ಗಳು ರೀಸಸ್‌ನ ಸಿಡಿ4 ಗ್ರಾಹಕಕ್ಕೆ, ಅಂದರೆ ಒಳಹೋಗಲು ವೈರಸ್ ಹಿಡಿಯುವ ಜೀವಕೋಶದ ಮೇಲಿನ ಪ್ರೋಟೀನಿಗೆ, ಸಡಿಲವಾಗಿಯೇ ಅಂಟುತ್ತವೆ. ಅಂಥ ಕಡೆ ಹೊರಮೈ ಪ್ರೋಟೀನಿನ ಒಂದು ಅಮೈನೊ ಆಮ್ಲವನ್ನು (ಪ್ರೋಟೀನನ್ನು ಕಟ್ಟುವ ಬಿಡಿ ಘಟಕವನ್ನು) ಬದಲಿಸಿ ಮಿಶ್ರ ವೈರಸ್ಸನ್ನು ಕೋತಿಗೆ ಹೊಂದಿಸುತ್ತಾರೆ.